ಕಿಂಗ್‌ಸ್ಟನ್, ಒಂಟಾರಿಯೊ: ಸುಣ್ಣಕಲ್ಲಿನ ಊರನ್ನು ನೋಡುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ?

ಹಾದಿಹೋಕ:
ಕೆನಡಾದ ಕಿಂಗ್‌ಸ್ಟನ್‌ಗೆ ಎರಡು ದಿನಕ್ಕೆ ಹೋಗುವವರಿಗೆ ‘ಇದಿದು ನೋಡಿ’ ಅನ್ನುವ ಪಟ್ಟಿ ಎಲ್ಲ ಕಡೆ ಸಿಗುತ್ತದೆ. ಪಟ್ಟಿ ಬೇಡ. ಊರೆಲ್ಲ ಒಂದೇ ಬೂದುಗಲ್ಲಿನದು ಯಾಕೆ, ಆ ಕೋಟೆ, ಗೋಪುರಗಳ ಲೆಕ್ಕಾಚಾರ ಏನು, ಎಲ್ಲಿ ನಿಂತು ಏನನ್ನು ಗಮನಿಸಬೇಕು? ಬಲ್ಲವರು ತಿಳಿಸಿ. ಜೊತೆಗೆ ಇನ್ನೊಂದು: ಅಲ್ಲಿ ಹಳೆಯ ಕಲ್ಲುಮನೆ ಕೊಳ್ಳಬೇಕೆನ್ನುವವರು ಮೊದಲು ಏನನ್ನು ಪರೀಕ್ಷಿಸಬೇಕು?

ಕಲ್ಲುವರಸೆ:
ಮೊದಲು ಕಲ್ಲಿನ ವಿಷಯ. ಕಿಂಗ್‌ಸ್ಟನ್ ಕೂತಿರುವುದೇ ಸುಣ್ಣಕಲ್ಲಿನ ಹಾಸಿನ ಮೇಲೆ. ಸುಮಾರು 45 ಕೋಟಿ ವರ್ಷದ ಹಿಂದೆ, ಆರ್ಡೋವಿಶಿಯನ್ ಕಾಲದಲ್ಲಿ ಇದೆಲ್ಲ ಸಮುದ್ರದ ತಳ. ಪದರಗಳು ಚಾಪೆಯ ಮೇಲೆ ಚಾಪೆ ಹಾಸಿದ ಹಾಗೆ ಮಟ್ಟಸವಾಗಿವೆ. ಹಾಗಾಗಿ ಗಣಿಯಲ್ಲಿ ಕಲ್ಲು ತಾನಾಗಿಯೇ ಒಂದು ಅಳತೆಯ ದಪ್ಪಕ್ಕೆ ಏಳುತ್ತದೆ. ಕುಟಿಗನಿಗೆ ಮೇಲೆ ಕೆಳಗೆ ಕೆತ್ತುವ ಕೆಲಸ ಕಡಿಮೆ, ಮುಖ ಮತ್ತು ಪಕ್ಕ ಸರಿಮಾಡಿದರೆ ಸಾಕು. ಶಹಾಬಾದ್ ಕಲ್ಲು ಬಲ್ಲವರಿಗೆ ಈ ಗುಣ ಗೊತ್ತೇ ಇದೆ. ಅದೂ ಸುಣ್ಣಕಲ್ಲೇ, ಅದೂ ಪದರವಾಗಿಯೇ ಏಳುವುದು. ಆದರೆ ಕಲಬುರಗಿಯ ಕಲ್ಲಿಗೆ ಬಿಸಿಲೊಂದೇ ಕಾಟ. ಇಲ್ಲಿನದಕ್ಕೆ ವರ್ಷಕ್ಕೆ ಹತ್ತಾರು ಸಲ ನೀರು ಹೆಪ್ಪುಗಟ್ಟಿ ಕರಗುವ ಕಾಟ. ಮುಂದಿನ ರಗಳೆಗೆಲ್ಲ ಮೂಲ ಇದೇ.

ಊರೆಲ್ಲ ಕಲ್ಲಾಗಿದ್ದಕ್ಕೆ ಇನ್ನೊಂದು ಕಾರಣ ಬೆಂಕಿ. 1840ರ ಏಪ್ರಿಲ್‌ನಲ್ಲಿ ಬಂದರಿನ ಬದಿಯಲ್ಲಿ ಹೊತ್ತಿದ ಬೆಂಕಿಗೆ ಗಾಳಿಯೂ ಗೋದಾಮಿನಲ್ಲಿದ್ದ ಸಿಡಿಮದ್ದೂ ಸೇರಿ ಪೇಟೆಯ ದೊಡ್ಡ ಭಾಗ ಸುಟ್ಟುಹೋಯಿತು. ಆಮೇಲೆ ಪೇಟೆಯೊಳಗೆ ಮರದ ಕಟ್ಟಡಕ್ಕೆ ಕಡಿವಾಣ ಬಿತ್ತು. ಕಾಲಡಿಯಲ್ಲೇ ಕಲ್ಲು ಇರುವಾಗ ಬೇರೆ ದಾರಿ ಯಾರು ಹುಡುಕುತ್ತಾರೆ?

ನೋಡುವ ಒಂದು ಉಪಾಯ ಹೇಳುತ್ತೇನೆ. ಯಾವುದೇ ಹಳೆಯ ಅಂಗಡಿಯ ಮುಂದೆ ನಿಲ್ಲಿ. ಬೀದಿಯ ಕಡೆಯ ಗೋಡೆ ನಯವಾಗಿ ಕೆತ್ತಿದ ಸೈಜುಗಲ್ಲು, ಸಂದು ಬೆರಳಿಗಿಂತ ಸಣ್ಣ. ಮೂಲೆ ತಿರುಗಿ ಓಣಿಗೆ ಹೋಗಿ. ಅದೇ ಕಟ್ಟಡ, ಆದರೆ ಪಕ್ಕದ ಗೋಡೆ ಸುತ್ತಿಗೆಯಲ್ಲಿ ಒಡೆದ ಒರಟುಗಲ್ಲು. ಹಿಂಬದಿಗೆ ಹೋದರೆ ಬರೀ ಕಾಡುಗಲ್ಲು, ಗಾರೆಯೇ ಅರ್ಧ. ಹಣ ಎಲ್ಲಿ ಕಾಣಬೇಕೋ ಅಲ್ಲಿ ಖರ್ಚಾಗಿದೆ.

ಬಂದರುಕಟ್ಟೆ:
ಸಿಟಿ ಹಾಲ್‌ನಿಂದ ಶುರು ಮಾಡಿ. ವಾಸ್ತುಶಿಲ್ಪಿ ಜಾರ್ಜ್ ಬ್ರೌನ್, ಕಟ್ಟಿದ್ದು 1843-44ರಲ್ಲಿ. ಆಗ ಕಿಂಗ್‌ಸ್ಟನ್ ಕೆನಡಾ ಪ್ರಾಂತ್ಯದ ರಾಜಧಾನಿ, ಪಾರ್ಲಿಮೆಂಟೂ ಇಲ್ಲೇ. ಆ ಠೀವಿಗೆ ತಕ್ಕ ಹಾಗೆ ಗುಮ್ಮಟ, ಕಂಬಸಾಲು ಎಲ್ಲ ಒಂಟಾರಿಯೊ ಸರೋವರದ ಕಡೆಗೆ ಮುಖ ಮಾಡಿವೆ. ಆಗ ಊರಿಗೆ ಬರುವವರು ಹಡಗಿನಲ್ಲೇ ಬರುತ್ತಿದ್ದರು. ಕಟ್ಟಡ ಮುಗಿಯುವ ಹೊತ್ತಿಗೆ, 1844ರಲ್ಲಿ, ರಾಜಧಾನಿ ಮಾಂಟ್ರಿಯಲ್‌ಗೆ ಹೋಗಿಬಿಟ್ಟಿತ್ತು. ಮದುವೆಗೆ ಚಪ್ಪರ ಹಾಕಿ ಮುಗಿಸುವಷ್ಟರಲ್ಲಿ ದಿಬ್ಬಣ ಬೇರೆ ಊರಿಗೆ ತಿರುಗಿದ ಹಾಗೆ.

ಹಾದಿಹೋಕ:
ಅಂದರೆ ಸಿಟಿ ಹಾಲ್ ಪಾರ್ಲಿಮೆಂಟಿಗಾಗಿಯೇ ಕಟ್ಟಿದ್ದಾ?

ಕಡತದ ಹುಳ:
ಅಲ್ಲ, ಎಲ್ಲರೂ ಎಡವುವುದು ಇಲ್ಲೇ. ಅದು ಊರಿನ ಪುರಸಭೆಗೂ ಮಾರುಕಟ್ಟೆಗೂ ಕಟ್ಟಿದ್ದು. ಹಳೆಯ ಮಾರುಕಟ್ಟೆ 1840ರ ಬೆಂಕಿಗೆ ಹೋಗಿತ್ತು. 1841ರ ಜೂನ್‌ನಲ್ಲಿ ಪಾರ್ಲಿಮೆಂಟ್ ಸೇರಿದ್ದು ಆಗ ಖಾಲಿ ಇದ್ದ ಜನರಲ್ ಆಸ್ಪತ್ರೆಯ ಕಟ್ಟಡದಲ್ಲಿ. ಆ ಮೂಲ ಕಟ್ಟಡ ಇವತ್ತಿಗೂ ಆಸ್ಪತ್ರೆಯ ಆವರಣದ ನಡುವೆ ಇದೆ. ‘ಕೆನಡಾದ ಮೊದಲ ರಾಜಧಾನಿ’ ಅನ್ನುವಾಗಲೂ ಒಂದು ತಿದ್ದುಪಡಿ ಬೇಕು. ಅದು ಈಗಿನ ಒಂಟಾರಿಯೊ, ಕ್ವಿಬೆಕ್‌ಗಳ ದಕ್ಷಿಣ ಭಾಗ ಸೇರಿದ್ದ ‘ಕೆನಡಾ ಪ್ರಾಂತ್ಯ’. ಈಗಿನ ದೇಶ ಹುಟ್ಟಿದ್ದು 1867ರಲ್ಲಿ.

ಸಿಟಿ ಹಾಲ್‌ನ ಅಡಿಗಲ್ಲು ಇಟ್ಟವನು ಗವರ್ನರ್ ಜನರಲ್ ಸರ್ ಚಾರ್ಲ್ಸ್ ಮೆಟ್‌ಕಾಫ್. ಹೆಸರು ಎಲ್ಲೋ ಕೇಳಿದ ಹಾಗಿದೆಯಲ್ಲ? ಅವನೇ. 1820ರಿಂದ 1825ರವರೆಗೆ ಹೈದರಾಬಾದಿನ ನಿಜಾಮನ ಆಸ್ಥಾನದಲ್ಲಿ ಬ್ರಿಟಿಷ್ ರೆಸಿಡೆಂಟ್. 1835-36ರಲ್ಲಿ ಹಂಗಾಮಿ ಗವರ್ನರ್ ಜನರಲ್ ಆಗಿ ಭಾರತದ ಪತ್ರಿಕೆಗಳ ಮೇಲಿನ ನಿರ್ಬಂಧ ತೆಗೆದವನು. ಆ ಕಾಲಕ್ಕೆ ಕಲಬುರಗಿ ಸೀಮೆ ನಿಜಾಮನ ರಾಜ್ಯದೊಳಗೇ ಇತ್ತು. ಶಹಾಬಾದ್ ಕಲ್ಲಿನ ನಾಡಿನ ಮೇಲೆ ಕಣ್ಣಿಟ್ಟಿದ್ದವನು ಕೊನೆಗೆ ಬಂದು ಅಡಿಗಲ್ಲು ಇಟ್ಟದ್ದೂ ಸುಣ್ಣಕಲ್ಲಿನ ಊರಿನಲ್ಲೇ.

ಬಂದರುಕಟ್ಟೆ:
ತಿದ್ದುಪಡಿ ಒಪ್ಪಿದೆ. ಇನ್ನೊಂದು ಸೇರಿಸಿ: ಮುಂಭಾಗದ ಕಂಬಸಾಲು ಮೂಲದ್ದಲ್ಲ. 1950ರ ದಶಕದಲ್ಲಿ ಅದನ್ನು ಇಳಿಸಿಬಿಟ್ಟಿದ್ದರು. ಈಗ ಕಾಣುವುದು 1966ರಲ್ಲಿ ಮತ್ತೆ ಕಟ್ಟಿದ್ದು.

ಮದ್ದಿನಮನೆ:
ಕೋಟೆಗಳ ಬಗ್ಗೆ ನನ್ನ ಪಾಲು.

ಮೊದಲನೆಯದು ಫ್ರೆಂಚರದು. 1673ರಲ್ಲಿ ಫ್ರೆಂಚ್ ಗವರ್ನರ್ ಫ್ರಾಂಟೆನಾಕ್ ಕಟ್ಟಿಸಿದ್ದು, ಕ್ಯಾಟರಾಕ್ವಿ ನದಿ ಸರೋವರಕ್ಕೆ ಸೇರುವಲ್ಲಿ. 1758ರಲ್ಲಿ ಬ್ರಿಟಿಷರು ಹಿಡಿದು ಹಾಳುಗೆಡವಿದರು. ಅದರ ಒಂದು ಕೊತ್ತಲದ ಅಡಿಪಾಯವನ್ನು ಅಗೆದು ತೆಗೆದು, ಸ್ವಲ್ಪ ಎತ್ತರಿಸಿ, ರಸ್ತೆ ಕೂಡುವಲ್ಲೇ ಬಿಟ್ಟಿದ್ದಾರೆ. ಕಾರಿನಲ್ಲಿ ಹೋದರೆ ಏನೋ ವೃತ್ತದ ಕಟ್ಟೆ ಅನ್ನಿಸುತ್ತದೆ, ಇಳಿದು ನೋಡಬೇಕು. ಈ ಜಾಗಕ್ಕೆ ಫ್ರೆಂಚರಿಗಿಂತ ಬಹಳ ಮೊದಲೇ ಹೆಸರಿತ್ತು. ‘ಕಟರೋಕ್ವಿ’ ಮೂಲನಿವಾಸಿಗಳ ಮಾತು, ಕ್ಯಾಟರಾಕ್ವಿ ಅದರದೇ ರೂಪ.

ಎರಡನೆಯದು ಫೋರ್ಟ್ ಹೆನ್ರಿ. ಅಮೆರಿಕದೊಂದಿಗಿನ 1812ರ ಯುದ್ಧಕಾಲದ ಕೋಟೆಯನ್ನು ಕೆಡವಿ 1832ರಿಂದ 1837ರೊಳಗೆ ಕಟ್ಟಿದ್ದು. ‘ಎಂಜಿನಿಯರುಗಳು ನಕ್ಷೆ ತಿರುಗಿಸಿ ಹಿಡಿದು ಕೋಟೆಯನ್ನು ಹಿಂದುಮುಂದಾಗಿ ಕಟ್ಟಿಬಿಟ್ಟರು’ ಅನ್ನುವ ಕಟ್ಟುಕಥೆ ಕಿವಿಗೆ ಬೀಳುತ್ತದೆ, ನಂಬಬೇಡಿ. ಅದರ ಬಲವಾದ ಮುಖ ನೆಲದ ಕಡೆಗಿರುವುದು ಲೆಕ್ಕ ಹಾಕಿಯೇ. ಹಡಗಿನಿಂದ ನೇರ ಗುಡ್ಡ ಹತ್ತುವುದು ಕಷ್ಟ. ಶತ್ರು ಬೇರೆಲ್ಲೋ ಇಳಿದು ಬೆನ್ನಿಗೆ ಬರುತ್ತಾನೆ ಅನ್ನುವುದೇ ಅಂದಾಜು. ಕೋಟೆ ಕಾಯುತ್ತಿದ್ದದ್ದು ಎರಡನ್ನು: ಕೆಳಗಿನ ನೌಕಾ ಕಟ್ಟೆ, ಮತ್ತೆ ಒಟ್ಟಾವಾಕ್ಕೆ ಹೋಗುವ ರಿಡೊ ಕಾಲುವೆಯ ಬಾಯಿ.

ಮೂರನೆಯದಾಗಿ ಮಾರ್ಟೆಲ್ಲೊ ಗೋಪುರಗಳು, ಅಂದರೆ ದಪ್ಪಗೋಡೆಯ ಗುಂಡನೆಯ ಫಿರಂಗಿ ಗೋಪುರಗಳು. ಆರೆಗಾನ್ ಗಡಿಯ ಜಗಳದಲ್ಲಿ ಅಮೆರಿಕದೊಂದಿಗೆ ಯುದ್ಧವೇ ಆದೀತು ಎಂಬ ಭಯಕ್ಕೆ 1846ರಿಂದ 48ರವರೆಗೆ ನಾಲ್ಕು ಕಟ್ಟಿದರು: ಮರ್ನಿ, ಫೋರ್ಟ್ ಫ್ರೆಡರಿಕ್, ನೀರಿನೊಳಗೇ ನಿಂತಿರುವ ಶೋಲ್, ಸೀಡರ್ ದ್ವೀಪದ ಕ್ಯಾತ್‌ಕಾರ್ಟ್. ಒಳಗೆ ಹೋಗಿ ನೋಡಲು ಮರ್ನಿ ಅನುಕೂಲ, ಅದೂ ಬೇಸಿಗೆಯಲ್ಲಿ ಮಾತ್ರ ತೆರೆದಿರುತ್ತದೆ. 1925ರಿಂದ ಮ್ಯೂಸಿಯಂ.

ಮರ್ನಿಯಲ್ಲಿ ಕಿಟಕಿಯ ಕಂಡಿಗಳ ಆಳ ನೋಡುತ್ತಾ ಸುತ್ತು ಬನ್ನಿ. ಹೊರಗಿನಿಂದ ಗುಂಡಗೆ ಕಂಡರೂ ಗೋಡೆಯ ದಪ್ಪ ಒಂದೇ ಸಮ ಇಲ್ಲ. ಗುಂಡು ಬೀಳುವುದು ನೀರಿನ ಕಡೆಯಿಂದ, ಅಲ್ಲಿ ದಪ್ಪ. ಊರಿನ ಕಡೆ ತೆಳು. ಕೆಳಗೆ ಮದ್ದು ಮತ್ತು ಸಾಮಾನು, ನಡುವೆ ಸೈನಿಕರ ವಸತಿ, ಮೇಲೆ ಸುತ್ತ ತಿರುಗುವ ಫಿರಂಗಿ. ಸುತ್ತಲೂ ಕಂದಕ, ಕಂದಕಕ್ಕೆ ಚಾಚಿದ ನಾಲ್ಕು ಸಣ್ಣ ಕಲ್ಲುಗೂಡು. ಗೋಡೆಯ ಬುಡಕ್ಕೆ ಬಂದವನನ್ನು ಅಡ್ಡದಿಂದ ಹೊಡೆಯಲು ಅವು. ಇಷ್ಟೆಲ್ಲ ಮಾಡಿದ ಮೇಲೆ ಒಂದೇ ಒಂದು ಯುದ್ಧವೂ ಬರಲಿಲ್ಲ. ಸುರುಳಿ ಗೀರಿನ ನಳಿಗೆಯ ಫಿರಂಗಿಗಳು ಬಂದದ್ದೇ ಈ ಗೋಡೆಗಳು ಕೆಲಸಕ್ಕೆ ಬಾರದೆ ಹೋದವು.

ಹಾದಿಹೋಕ:
ಗೋಪುರದ ಮೇಲೆ ಫಿರಂಗಿ ಅಂತೀರಿ, ಚಿತ್ರದಲ್ಲಿ ನೋಡಿದರೆ ಟೋಪಿಯ ಹಾಗೆ ಚಾವಣಿ ಇದೆ. ಫಿರಂಗಿ ಹೊಡೆಯುವುದು ಹೇಗೆ?

ಮದ್ದಿನಮನೆ:
ಆ ಟೋಪಿ ಹಿಮದ ಚಾವಣಿ. ಮೂಲ ವಿನ್ಯಾಸದಲ್ಲಿ ಮೇಲೆ ತೆರೆದ ಕಲ್ಲಿನ ವೇದಿಕೆ, ಅಷ್ಟೇ. ಮಳೆ-ಹಿಮದ ನೀರು ಕಮಾನಿನ ಕಲ್ಲಿನೊಳಗೆ ಇಳಿದು ಒಳಗೆ ಸೋರತೊಡಗಿತು. ಅದಕ್ಕೆ ಮೇಲೆ ಮರದ ಚಾವಣಿ ಇಟ್ಟರು. ಯುದ್ಧ ಬಂದರೆ ಕಿತ್ತು ಬಿಸಾಕಿ ಫಿರಂಗಿ ತಿರುಗಿಸುವುದು ಅಂತ. ಮೆಡಿಟರೇನಿಯನ್ ತೀರಕ್ಕೆ ಹೊಂದುವ ಕಟ್ಟಡವನ್ನು ಹಿಮದ ನಾಡಿಗೆ ತಂದರೆ ಹೀಗೇ ಆಗುವುದು.

ಕಲ್ಲುವರಸೆ:
ಸೋರಿಕೆಯ ಮಾತು ಬಂತಲ್ಲ, ಕಲ್ಲುಮನೆಯ ಪ್ರಶ್ನೆಗೆ ಬರೋಣ. ಉತ್ತರದ ಮುಕ್ಕಾಲು ಪಾಲು ನೀರು.

ಈ ಮನೆಗಳ ಗೋಡೆ ಸುಮಾರು ಎರಡು ಅಡಿ ದಪ್ಪ. ಹೊರಗೊಂದು ಒಳಗೊಂದು ಕಲ್ಲಿನ ಮುಖ, ನಡುವೆ ಚೂರುಗಲ್ಲು ಮತ್ತು ಸುಣ್ಣದ ಗಾರೆ. ಕಲ್ಲಿಗಿಂತ ಗಾರೆ ಮೆತ್ತಗಿರಬೇಕು ಅನ್ನುವುದು ಇಲ್ಲಿನ ಮೂಲಸೂತ್ರ. ಒಳಗೆ ಸೇರಿದ ತೇವ ಸಂದಿನ ಗಾರೆಯ ಮೂಲಕ ಉಸಿರಾಡಿ ಹೊರಬೀಳುತ್ತದೆ. ಗೋಡೆ ಕೂದಲೆಳೆಯಷ್ಟು ಅಲುಗಿದರೆ ಗಾರೆ ತಾಳಿಕೊಳ್ಳುತ್ತದೆ. ಯಾರೋ ಒಬ್ಬರು ‘ಗಟ್ಟಿ ಇರಲಿ’ ಅಂತ ಸಿಮೆಂಟ್ ಪಾಯಿಂಟಿಂಗ್, ಅಂದರೆ ಸಂದಿಗೆ ಹೊಸದಾಗಿ ಸಿಮೆಂಟ್ ತುಂಬುವ ಕೆಲಸ, ಮಾಡಿಸುತ್ತಾರೆ. ಈಗ ತೇವಕ್ಕೆ ಸಂದಿನ ದಾರಿ ಬಂದ್, ಕಲ್ಲಿನ ಮೂಲಕವೇ ಹೊರಡಬೇಕು. ಕಲ್ಲಿನ ಪದರಗಳ ನಡುವೆ ಜೇಡಿಮಣ್ಣಿನ ತೆಳು ಗೆರೆ ಇರುತ್ತದೆ, ನೀರು ಅಲ್ಲಿ ನಿಂತು ಹೆಪ್ಪುಗಟ್ಟಿ ಹಿಗ್ಗುತ್ತದೆ, ಚೂರು ಏಳುತ್ತದೆ. ಕೊನೆಗೆ ಸಿಮೆಂಟಿನ ಸಂದು ಏಣಿನ ಹಾಗೆ ಎದ್ದು ನಿಂತು, ಕಲ್ಲು ಮಾತ್ರ ಒಳಗೆ ಸವೆದಿರುವುದು ಕಂಡರೆ ಇದೇ ಕಾಯಿಲೆ ಅಂತ ತಿಳಿಯಿರಿ.

ನೋಡುವ ಕ್ರಮ: ಮಳೆ ಬರುವಾಗ ಹೋಗಿ. ಚಾವಣಿಯಂಚಿನ ನೀರುದೋಣಿ ಮತ್ತು ಇಳಿಕೊಳವೆ ಮೊದಲು. ಕೊಳವೆಯ ಹಿಂದಿನ ಗೋಡೆ ಕಪ್ಪಾಗಿ ಒದ್ದೆಯಾಗಿದ್ದರೆ ಪಾಯಿಂಟಿಂಗ್ ಮಾತೇ ಆಮೇಲೆ, ಮೊದಲು ಕೊಳವೆ. ನಂತರ ಚಿಮಣಿ, ಎಲ್ಲ ಕಡೆಯಿಂದಲೂ ಹಿಮ ತಿನ್ನುವುದರಿಂದ ಅದು ಎಲ್ಲಕ್ಕಿಂತ ಬೇಗ ಹಾಳಾಗುತ್ತದೆ. ನಂತರ ಕಿಟಕಿಯ ಹೊಸ್ತಿಲುಗಲ್ಲು. ಕೊನೆಗೆ ನೆಲದಿಂದ ಒಂದು ಮೀಟರ್ ಎತ್ತರದ ಭಾಗ. ಕಾಲುದಾರಿಗೆ ಚಳಿಗಾಲದಲ್ಲಿ ಎರಚುವ ಉಪ್ಪು ಅಲ್ಲಿ ಕಲ್ಲಿನೊಳಗೆ ಸೇರಿ ಹರಳುಗಟ್ಟಿ, ಮೇಲ್ಮೈಯನ್ನು ಹಪ್ಪಳದ ಹಾಗೆ ಎಬ್ಬಿಸುತ್ತದೆ.

ಗಾರೆಬಕೆಟ್ಟು:
ಗಾರೆ ಸುಣ್ಣದ್ದೋ ಸಿಮೆಂಟಿನದ್ದೋ ತಿಳಿಯಲು ವಿನೆಗರ್ ಹಾಕಿ ಗುಳ್ಳೆ ಬಂದರೆ ಸುಣ್ಣ ಅಂತ ಕೆಲವರು ಹೇಳುತ್ತಾರೆ. ಕಿಂಗ್‌ಸ್ಟನ್‌ನಲ್ಲಿ ಆ ಪರೀಕ್ಷೆ ದಂಡ. ಇಲ್ಲಿ ಕಲ್ಲೇ ಸುಣ್ಣಕಲ್ಲು, ಮರಳಿನಲ್ಲೂ ಅದರದೇ ಪುಡಿ, ಎಲ್ಲಕ್ಕೂ ಗುಳ್ಳೆ ಬರುತ್ತದೆ. ಬೀಗದ ಕೈಯಿಂದ ಗೀರಿ ನೋಡಿ. ಪುಡಿಯಾಗಿ ಉದುರಿ, ಒಳಗೆ ಬಿಳಿ ಸುಣ್ಣದ ಕಾಳು ಕಂಡರೆ ಹಳೆಯ ಗಾರೆ. ಕೈ ಜಾರಿ ಬೂದು ಗೆರೆಯಷ್ಟೇ ಬಿದ್ದರೆ ಸಿಮೆಂಟ್.

ಪಾಯಿಂಟಿಂಗ್ ಮಾಡಿಸುವವರಿಗೆ ಕೆಲಸದ ಕ್ರಮ ಹೀಗೆ. ಹಳೆಯ ಗಾರೆಯನ್ನು ಸಂದಿನ ಅಗಲದ ಎರಡರಿಂದ ಎರಡೂವರೆ ಪಟ್ಟು ಆಳಕ್ಕೆ, ಕಡಿಮೆಯೆಂದರೂ 25 ಮಿ.ಮೀ., ಚಾಣ-ಸುತ್ತಿಗೆಯಲ್ಲಿ ತೆಗೆಯಬೇಕು. ಗ್ರೈಂಡರ್ ಬೇಡ, ನಿಲುವು ಸಂದಿನಲ್ಲಿ ಚಕ್ರ ಮೇಲಿನ, ಕೆಳಗಿನ ಕಲ್ಲನ್ನು ಕೊಯ್ದೇ ಕೊಯ್ಯುತ್ತದೆ, ಆ ಗಾಯ ಮಾಯುವುದಿಲ್ಲ. ಸಿಮೆಂಟು ತುಂಬ ಗಟ್ಟಿ ಇದ್ದು ಸಂದು ಅಗಲವಾಗಿದ್ದರೆ ಮಧ್ಯದಲ್ಲಿ ಒಂದು ಗೆರೆ ಕೊಯ್ದು, ಅಂಚನ್ನು ಕೈಯಲ್ಲಿ ಬಿಡಿಸಿ. ಧೂಳು ತೊಳೆಯಿರಿ. ತುಂಬುವ ಹಿಂದಿನ ದಿನವೂ ಆ ದಿನವೂ ನೀರು ಹೊಡೆಯಿರಿ. ಕಲ್ಲು ತೇವ ಇರಬೇಕು, ನೀರು ತೊಟ್ಟಿಕ್ಕಬಾರದು.

ಗಾರೆ: ನೀರಿನಲ್ಲೂ ಗಟ್ಟಿಯಾಗುವ ನೈಸರ್ಗಿಕ ಸುಣ್ಣ, ಅಂದರೆ ಎನ್‌ಎಚ್‌ಎಲ್ 3.5, ಒಂದು ಪಾಲು; ತೊಳೆದ, ದಪ್ಪ-ಸಣ್ಣ ಬೆರೆತ ಚೂಪುಕಾಳಿನ ಮರಳು ಎರಡೂವರೆ ಪಾಲು. ಅಳತೆ ಬಕೆಟ್ಟಿನಲ್ಲಿ, ಸಲಿಕೆಯಲ್ಲಲ್ಲ. ಒದ್ದೆ ಮರಳಿನ ಸಲಿಕೆಗೂ ಒಣಮರಳಿನ ಸಲಿಕೆಗೂ ಬಹಳ ಅಂತರ, ಎರಡನೇ ದಿನದ ಗೋಡೆಯ ಬಣ್ಣವೇ ಬೇರೆಯಾಗುತ್ತದೆ. ಹದ ಉಂಡೆ ಕಟ್ಟುವಷ್ಟು. ಒಂದು ಸಲಕ್ಕೆ 20 ಮಿ.ಮೀ.ಗಿಂತ ಹೆಚ್ಚು ಒತ್ತಬೇಡಿ, ಪದರವಾಗಿ ತುಂಬಿ. ಕಲ್ಲಿನ ಅಂಚಿನ ಮೇಲೆ ಗಾರೆ ಬಳಿಯಬೇಡಿ. ಹೆಬ್ಬೆರಳಿಗೆ ಒತ್ತು ಬೀಳುವಷ್ಟು ಗಟ್ಟಿಯಾದಾಗ ಗಡುಸು ಬ್ರಷ್ಷಿನಿಂದ ಕುಟ್ಟಿ. ಕರಣೆಯಲ್ಲಿ ತೀಡಿ ಹೊಳಪು ಬರಿಸಿದರೆ ಮೇಲೆ ಕೆನೆ ಕಟ್ಟಿ ಉಸಿರಾಟ ನಿಲ್ಲುತ್ತದೆ, ಬ್ರಷ್ಷು ಆ ಕೆನೆಯನ್ನು ಒಡೆಯುತ್ತದೆ. ಮೇಲೆ ಒದ್ದೆ ಗೋಣಿತಾಟು ಇಳಿಬಿಟ್ಟು, ದಿನಕ್ಕೆ ಮೂರ್ನಾಲ್ಕು ಸಲ ತುಂತುರು ಹೊಡೆಯುತ್ತಾ ಒಂದು ವಾರ. ಬಿಸಿಲಿಗೆ ಬೇಗ ಒಣಗಿದ ಗಾರೆ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ.

ಸೆಪ್ಟೆಂಬರ್ ಮುಗಿದ ಮೇಲೆ ಸುಣ್ಣದ ಕೆಲಸ ಹಿಡಿಯಬೇಡಿ. ರಾತ್ರಿ 5 ಡಿಗ್ರಿಗಿಂತ ಇಳಿದರೆ ಗಾರೆ ಗಟ್ಟಿಯಾಗುವುದು ನಿಂತೇಹೋಗುತ್ತದೆ, ಹಸಿಗಾರೆಗೆ ಹಿಮ ಬಡಿದರೆ ವಸಂತದಲ್ಲಿ ಎಲ್ಲ ಉದುರಿ ನೆಲದಲ್ಲಿರುತ್ತದೆ.

ಮಿಶ್ರಗಾರೆ:
ಗಾರೆಬಕೆಟ್ಟು ಅವರೇ, ಶುದ್ಧ ಸುಣ್ಣವೇ ಎಲ್ಲದಕ್ಕೂ ಮದ್ದು ಅನ್ನುವ ಹಟ ಬೇಡ. ಯುರೋಪಿನ ಮೃದು ಚಳಿಗೆ ಸರಿ. ಇಲ್ಲಿ ಚಿಮಣಿ, ಮೇಲ್ಗೋಡೆ, ನೆಲಕ್ಕೆ ತಾಗಿದ ಕಟ್ಟೆಗಳಿಗೆ ಒಂದು ಪಾಲು ಸಿಮೆಂಟ್, ಎರಡು ಸುಣ್ಣ, ಎಂಟು ಮರಳು, ಜೊತೆಗೆ ಸಣ್ಣ ಗಾಳಿಗುಳ್ಳೆ ಹಿಡಿಸುವ ಮಿಶ್ರಣ ಹಾಕಿದರೆ ಹಿಮಕ್ಕೆ ಚೆನ್ನಾಗಿ ತಾಳುತ್ತದೆ. ಹೆಪ್ಪುಗಟ್ಟುವ ನೀರಿಗೆ ಹಿಗ್ಗಲು ಆ ಗುಳ್ಳೆಗಳೇ ಜಾಗ.

ಗಾರೆಬಕೆಟ್ಟು:
ಚಿಮಣಿಯ ಮಟ್ಟಿಗೆ ನಿಮ್ಮ ಮಾತು ಒಪ್ಪುತ್ತೇನೆ. ಆದರೆ 1:2:8 ಅಂತ ಕಾಗದದಲ್ಲಿ ಬರೆದದ್ದು ಸಾರುವೆ ಮೇಲೆ ಹತ್ತುವಷ್ಟರಲ್ಲಿ ಒಂದಕ್ಕೆ ಮೂರರ ಸಿಮೆಂಟ್ ಆಗುವುದೇ ಹೆಚ್ಚು, ಯಾಕೆಂದರೆ ಸಿಮೆಂಟ್ ಬೇಗ ಗಟ್ಟಿಯಾಗುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಯಾವುದೇ ಮಿಶ್ರಣವಾಗಲಿ, ಮೊದಲು ಒಂದು ಚದರ ಮೀಟರ್ ಮಾದರಿ ಮಾಡಿಸಿ, ಒಣಗಿದ ಮೇಲೆ ಬಣ್ಣ ನೋಡಿ ಒಪ್ಪಿಗೆ ಕೊಡಿ.

ಕಲ್ಲುವರಸೆ:
ಇಬ್ಬರ ಮಾತಿಗೂ ಸೇರಿಸುವುದು: ಸಿಲಿಕೋನ್ ‘ಸೀಲರ್’ ಬಳಿಯಲೇಬೇಡಿ. ಒಳಗಿನಿಂದ ಸ್ಪ್ರೇ ಫೋಮ್ ತುಂಬುವುದಕ್ಕೂ ಅವಸರ ಬೇಡ. ಈಗ ಮನೆಯ ಕಾವು ಗೋಡೆಯನ್ನು ಬೆಚ್ಚಗಿಟ್ಟು ಒಣಗಿಸುತ್ತಿದೆ. ಫೋಮ್ ಹಾಕಿದರೆ ಕಲ್ಲು ಪೂರ್ತಿ ಚಳಿಗೆ ಬೀಳುತ್ತದೆ, ಗೋಡೆಯೊಳಗೆ ಹೂತ ತೊಲೆಯ ತುದಿ ತೇವ ಹಿಡಿದು ಕೊಳೆಯುತ್ತದೆ. ಅಟ್ಟಕ್ಕೆ ಮೊದಲು ಹೊದಿಕೆ ಹಾಕಿ, ಕಿಟಕಿಯ ಗಾಳಿಸಂದು ಮುಚ್ಚಿ.

ಕಡತದ ಹುಳ:
ಕಾನೂನಿನ ಕಡೆಯಿಂದ: ಒಂಟಾರಿಯೊ ಹೆರಿಟೇಜ್ ಆ್ಯಕ್ಟ್‌ನಲ್ಲಿ ರಕ್ಷಣೆ ಎರಡು ಬಗೆ. ಭಾಗ 4ರಲ್ಲಿ ಒಂದೊಂದೇ ಕಟ್ಟಡ, ಭಾಗ 5ರಲ್ಲಿ ಇಡೀ ಬಡಾವಣೆ. ಕಿಂಗ್‌ಸ್ಟನ್‌ನಲ್ಲಿ ಓಲ್ಡ್ ಸಿಡೆನ್‌ಹ್ಯಾಮ್, ಬ್ಯಾರಿಫೀಲ್ಡ್, ಮಾರುಕಟ್ಟೆ ಚೌಕದ ಸುತ್ತಲಿನ ಪ್ರದೇಶ ಎರಡನೇ ಬಗೆಗೆ ಸೇರಿವೆ. ಕೊಳ್ಳುವ ಮುಂಚೆ ಮನೆಯ ಮೇಲಿನ ‘ಡೆಸಿಗ್ನೇಷನ್ ಬೈಲಾ’ ತರಿಸಿ ಓದಿ. ಯಾವ ಕಿಟಕಿ, ಯಾವ ಬಾಗಿಲು, ಯಾವ ಚಿಮಣಿ ಮುಟ್ಟಬಾರದು ಎಂದು ಅದರಲ್ಲೇ ಇರುತ್ತದೆ. ಬದಲಾವಣೆಗೆ ಹೆರಿಟೇಜ್ ಪರ್ಮಿಟ್ ಬೇಕು. ಅರ್ಜಿ ಪೂರ್ತಿ ಇದೆ ಎಂದಾದ ಮೇಲೆ ನಗರಸಭೆಗೆ 90 ದಿನದ ಗಡುವು. ಇದು ಬಿಲ್ಡಿಂಗ್ ಪರ್ಮಿಟ್ ಅಲ್ಲ, ಅದು ಬೇರೆ. ಸುಣ್ಣದ ಕೆಲಸಕ್ಕೆ ಇರುವುದು ಮೇನಿಂದ ಸೆಪ್ಟೆಂಬರ್ ಮಾತ್ರ, ಅರ್ಜಿ ಹಿಂದಿನ ಶರತ್ಕಾಲದಲ್ಲೇ ಹಾಕುವುದು ಜಾಣತನ.

ಬಂದರುಕಟ್ಟೆ:
ನೋಡುವವರ ಕಡೆಗೆ ಮರಳೋಣ. ರಿಡೊ ಕಾಲುವೆಯನ್ನು ಬಿಟ್ಟುಬರಬೇಡಿ. ಒಟ್ಟಾವಾವರೆಗೆ 202 ಕಿ.ಮೀ., ಲೆಫ್ಟಿನೆಂಟ್ ಕರ್ನಲ್ ಜಾನ್ ಬೈ 1826ರಿಂದ 1832ರವರೆಗೆ ಕಟ್ಟಿಸಿದ್ದು. ಕೋಟೆಗಳ ಜೊತೆ ಸೇರಿ 2007ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾಣವಾಯಿತು. ಮಲೇರಿಯಾಕ್ಕೆ ಸತ್ತ ಕೆಲಸಗಾರರು ನೂರಾರು. ಸೊಳ್ಳೆಯ ವಿಷಯ ಆಗ ಯಾರಿಗೂ ಗೊತ್ತಿರಲಿಲ್ಲ, ಜೌಗಿನ ಕೆಟ್ಟ ಗಾಳಿಯೇ ಕಾರಣ ಅಂದುಕೊಂಡಿದ್ದರು.

ಊರಿಗೆ ಹತ್ತಿರದ್ದು ಕಿಂಗ್‌ಸ್ಟನ್ ಮಿಲ್ಸ್‌ನ ನಾಲ್ಕು ಲಾಕ್‌ಗಳು, ಅಂದರೆ ನೀರು ತುಂಬಿ, ಇಳಿಸಿ ದೋಣಿಯನ್ನು ಮೇಲೆ ಕೆಳಗೆ ಸಾಗಿಸುವ ಕಲ್ಲಿನ ಕೋಣೆಗಳು. ಒಂದೊಂದು ಕೋಣೆ 134 ಅಡಿ ಉದ್ದ, 33 ಅಡಿ ಅಗಲ. ದೋಣಿ ಬಂದರೆ ಸಿಬ್ಬಂದಿ ಕೈಯಲ್ಲೇ ರಾಟೆ ತಿರುಗಿಸುತ್ತಾರೆ. ಕೆಳಗಿನ ತೂಬು ತೆರೆದು ನೀರು ಸಮನಾಗುವವರೆಗೆ ಬಾಗಿಲು ಜಪ್ಪಯ್ಯ ಅಂದರೂ ಅಲುಗುವುದಿಲ್ಲ, ನೀರಿನ ಭಾರವೇ ಬೀಗ. ಸಮನಾದ ಕೂಡಲೇ ಇಬ್ಬರು ಸೇರಿ ಆರಾಮಾಗಿ ತೆರೆಯುತ್ತಾರೆ. ತಲೆಯ ಮೇಲೆ ರೈಲು ಸೇತುವೆ. ಇದೇ ಕಾಲುವೆಯ ಸ್ಮಿತ್ಸ್ ಫಾಲ್ಸ್ ಬಳಿಯ ಒಂದು ಲಾಕ್‌ನ ಹೆಸರು ಪೂನಮಲಿ. ಚೆನ್ನೈ ಪಕ್ಕದ ಪೂನಮಲ್ಲಿಯದೇ ಹೆಸರು.

ಊರಿನೊಳಗೆ 1890ರ ದಶಕದ ಡ್ರೈ ಡಾಕ್‌ನಲ್ಲಿ, ಅಂದರೆ ನೀರು ಬಸಿದು ಹಡಗು ದುರಸ್ತಿ ಮಾಡುವ ಕಟ್ಟೆಯಲ್ಲಿ, ಗ್ರೇಟ್ ಲೇಕ್ಸ್ ಮ್ಯೂಸಿಯಂ. 1907ರಲ್ಲಿ ಸ್ಕಾಟ್ಲೆಂಡಿನಲ್ಲಿ ನೀರಿಗಿಳಿದ ಪ್ರಯಾಣಿಕ ಹಡಗು ಕೀವಾಟಿನ್ 2023ರಿಂದ ಅಲ್ಲಿದೆ. ಊರಿನ ಎದುರಿನ ವುಲ್ಫ್ ದ್ವೀಪದ ಫೆರಿಗೆ ಹಣ ಇಲ್ಲ. ನಡೆದು ಹತ್ತಿ ಹೋಗಿಬನ್ನಿ, ಹಡಗಿನಿಂದ ಬರುವವರಿಗೆ ಊರು ಹೇಗೆ ಕಾಣಬೇಕೆಂದು ಕಟ್ಟಿದರೋ ಹಾಗೆ ಕಾಣುತ್ತದೆ. ಸೆರೆಮನೆ, 1835ರಿಂದ 2013ರವರೆಗೆ ನಡೆದದ್ದು, ಒಳಗೆ ಹೋಗಲು ಟಿಕೆಟ್ ಮೊದಲೇ ತೆಗೆಯಿರಿ. ಅದರ ಕಲ್ಲು ತೆಗೆದವರು, ಗೋಡೆ ಕಟ್ಟಿದವರಲ್ಲಿ ಕೈದಿಗಳೂ ಇದ್ದರು.

ಓಣಿಯವಳು:
ಮ್ಯಾಕ್‌ಡೊನಾಲ್ಡ್ ವಿಷಯ ಯಾರೂ ಎತ್ತಲಿಲ್ಲ. ಕೆನಡಾದ ಮೊದಲ ಪ್ರಧಾನಿ ಈ ಊರಿನವನು. ಸಿಟಿ ಪಾರ್ಕಿನಲ್ಲಿ 1895ರಿಂದ ಇದ್ದ ಅವನ ಪ್ರತಿಮೆಯನ್ನು 2021ರ ಜೂನ್‌ನಲ್ಲಿ ತೆಗೆದರು. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬಿಡಿಸಿ ವಸತಿಶಾಲೆಗೆ ಹಾಕಿದ ನೀತಿಯಲ್ಲಿ ಅವನ ಪಾತ್ರವೇ ಕಾರಣ. 1848-49ರಲ್ಲಿ ಅವನು ಬಾಡಿಗೆಗಿದ್ದ ಬೆಲ್ವ್ಯೂ ಹೌಸ್ ಹಲವು ವರ್ಷ ಮುಚ್ಚಿದ್ದು 2024ರಲ್ಲಿ ತೆರೆಯಿತು, ಅಲ್ಲಿ ಈಗ ಆ ಮಾತೂ ಇದೆ. ಜೊತೆಗೆ ಮೂಲನಿವಾಸಿ ಮೊಹಾಕ್ ಜನರ ನಾಯಕಿ ಮಾಲಿ ಬ್ರ್ಯಾಂಟ್ 1796ರಲ್ಲಿ ತೀರಿಕೊಂಡದ್ದು ಇದೇ ಊರಿನಲ್ಲಿ. ಪ್ರವಾಸಿಗರು ಅವಳ ಹೆಸರು ಕೇಳುವುದೇ ಕಡಿಮೆ.

ಕಡತದ ಹುಳ:
ಸರಿಯಾಗಿ ಹೇಳಿದಿರಿ. ಬೆಲ್ವ್ಯೂದಲ್ಲಿ ಕಟ್ಟಡವನ್ನೂ ನೋಡಿ: ಸುತ್ತಲೂ ಚೌಕಾಕಾರದ ಕಲ್ಲುಮನೆಗಳಿದ್ದ ಊರಿನಲ್ಲಿ ಇಟಲಿ ಮಾದರಿಯ ಗೋಪುರ, ಬಾಲ್ಕನಿ. ಆಗಿನವರಿಗೆ ವಿಚಿತ್ರವಾಗಿಯೇ ಕಂಡಿರಬೇಕು.

ಹಾದಿಹೋಕ:
ಎಲ್ಲರಿಗೂ ಧನ್ಯವಾದ. ಕೊನೆಯ ಪ್ರಶ್ನೆ: ಕಲ್ಲಿನ ಕೆತ್ತನೆ ಚೆನ್ನಾಗಿ ಕಾಣಲು ಯಾವ ಹೊತ್ತು ಒಳ್ಳೆಯದು?

ಕಲ್ಲುವರಸೆ:
ಸಿಟಿ ಹಾಲ್‌ಗೆ ಬೆಳಗ್ಗೆ, ಮುಖ ಸರೋವರದ ಕಡೆಗಿದೆ. ಓರೆ ಬಿಸಿಲು ಬಿದ್ದಾಗ ಚಾಣದ ಗೀರು ಒಂದೊಂದೂ ಎದ್ದು ಕಾಣುತ್ತದೆ. ನೆತ್ತಿಯ ಮೇಲೆ ಸೂರ್ಯ ಬಂದರೆ ಎಲ್ಲ ಚಪ್ಪಟೆ. ಶನಿವಾರ ಹೋದರೆ ಹಿಂಬದಿಯ ಚೌಕದಲ್ಲಿ ಸಂತೆ ಇರುತ್ತದೆ; 1801ರಿಂದ ನಡೆಯುತ್ತಿರುವ ಮಾರುಕಟ್ಟೆ ಅದು. ತರಕಾರಿ ಅಂಗಡಿಗಳ ಹಿಂದೆ ನಿಂತು ಸಿಟಿ ಹಾಲ್‌ನ ಹಿಂಗೋಡೆ ಮುಟ್ಟಿ ನೋಡಿ, ಮುಂದಿನ ಗೋಡೆಯೊಂದಿಗೆ ಹೋಲಿಸಿ.